ನೆಲದಡಿಯ ಬೆಂಕಿಗೆ ನಮ್ಮ ಚಿಗವ್ವನ ರಷ್ಯನ್

ನಮ್ಮ ಚಿಗವ್ವ ಭೂಮಿಯ ಹೊಟ್ಟೆಯೊಳಗೆ ಬೆಂಕಿ ಹಚ್ಚುವ ಕೆಲಸಕ್ಕೆಂದು ವಿಮಾನ ಹತ್ತಿ ಹೋಗಿಬಂದವಳು! ನಗಬೇಡಿ, ಸುಳ್ಳಲ್ಲ. ಬೈಲಹೊಂಗಲದ ಬಸ್‌ಸ್ಟ್ಯಾಂಡಿನಲ್ಲಿ ಅವಳ ಟ್ರಂಕನ್ನು ಬೆಳಗಾವಿ ಬಸ್ಸಿಗೆ ಏರಿಸಿದವನು ನಾನೇ. "ಬೆಂಕಿ ಹಚ್ಚಾಕ ಅಷ್ಟ ದೂರ ಯಾಕ ಹೋಗಬೇಕ್ರಿ? ಮನ್ಯಾಗ ದಿನಾ ಅದನ್ನ ಮಾಡತಾಳ" ಎಂದು ಅವಳ ಗಂಡ, ನಮ್ಮ ಕಾಕಾ, ಕಂಡಕ್ಟರನ ಮುಂದೆ ಹೇಳಿ ಇಡೀ ಬಸ್ಸನ್ನು ನಗಿಸಿದರು. ಚಿಗವ್ವ ಕಿಟಕಿಯಿಂದ ತಲೆ ಹೊರಗೆ ಹಾಕಿ ಅವರಿಗೆ ಏನೋ ಅಂದಳು. ಅಂದದ್ದು ರಷ್ಯನ್ ಭಾಷೆಯಲ್ಲಿ. ಹೀಗಾಗಿ ಕಾಕಾ ಅವರ ಮರ್ಯಾದೆ ಉಳಿಯಿತು.

ಚಿಗವ್ವ ಅಂದರೆ ನಮ್ಮ ಅವ್ವನ ತಂಗಿ. ಬೈಲಹೊಂಗಲದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದಳು. ಕಾಕಾ ಅವರದು ಎಪಿಎಂಸಿಯಲ್ಲಿ ಶೇಂಗಾ ಮತ್ತು ಹತ್ತಿಯ ದಲಾಲಿ ಅಂಗಡಿ. ಇಂಥ ಮನೆಗೆ ರಷ್ಯನ್ ಎಲ್ಲಿಂದ ಬಂತು ಎನ್ನುತ್ತೀರಾ? ಬಾಗಿಲು ತಪ್ಪಿ ಬಂತು! ಧಾರವಾಡದಲ್ಲಿ ಓದುವಾಗ ಚಿಗವ್ವ ಸಂಜೆ ಟೈಪಿಂಗ್ ಕಲಿಯಲೆಂದು ಹೋಗಿ, ತಪ್ಪಿ ಪಕ್ಕದ ಕೋಣೆಗೆ ನುಗ್ಗಿದಳಂತೆ. ಅದು ರಷ್ಯನ್ ತರಗತಿ. ಒಳಗೆ ಮಾಸ್ತರರೊಬ್ಬರೇ ಕೂತಿದ್ದರು. ಇವಳನ್ನು ಕಂಡದ್ದೇ ಎದ್ದು ನಿಂತು, ಖುರ್ಚಿಯ ಧೂಳು ಒರೆಸಿ, ಚಹಾ ತರಿಸಿದರು. "ಅವರ ಖುಷಿ ನೋಡಿ, ನಾ ಟೈಪಿಂಗಿಗೆ ಬಂದಾಕಿ ಅಂತ ಹೇಳಾಕ ಬಾಯಿನ ಬರಲಿಲ್ಲ ನೋಡು" ಎನ್ನುತ್ತಿದ್ದಳು. ಮರುದಿನವೂ ಹೇಳಲಾಗಲಿಲ್ಲ. ಕೊನೆಗೆ ಡಿಪ್ಲೊಮಾ ಮುಗಿಸಿಯೇ ಹೊರಬಂದಳು. ಬರೀ ಸಂಕೋಚಕ್ಕೆ ಡಿಪ್ಲೊಮಾ ಮಾಡಿದವರು ಜಗತ್ತಿನಲ್ಲಿ ಅವಳೊಬ್ಬಳೇ ಇರಬೇಕು!

ಕಲಿತ ಭಾಷೆಯನ್ನು ಬೈಲಹೊಂಗಲದಲ್ಲಿ ಯಾರ ಜೊತೆ ಆಡುವುದು? ಬೆಕ್ಕಿನ ಜೊತೆ ಆಡಿದಳು. ಉಕ್ಕಿದ ಹಾಲಿನ ಜೊತೆ ಆಡಿದಳು. ಮದುವೆಯಾದ ಹೊಸದರಲ್ಲಿ ಅತ್ತೆಯ ಮೇಲೆ ಸಿಟ್ಟು ಬಂದಾಗಲೆಲ್ಲ ಅಡುಗೆಮನೆಯಲ್ಲಿ ಕಣ್ಣು ಮುಚ್ಚಿಕೊಂಡು ರಷ್ಯನ್ನಿನಲ್ಲಿ ಬೈದು ಹಗುರಾಗುತ್ತಿದ್ದಳು. ಆ ಮುದುಕಿಯೋ, ಓಣಿಯ ಹೆಂಗಸರ ಮುಂದೆ, "ನಮ್ಮ ಸೊಸಿ ಭಾಳ ದೈವಭಕ್ತಿ ಇದ್ದಾಕಿರಿ. ಒಲಿ ಮುಂದ ನಿಂತಾಗೂ ಮಂತ್ರ ಬಿಡೂದಿಲ್ಲ" ಎಂದು ಹೊಗಳಿ ಬರುತ್ತಿದ್ದಳು!

ತೊಂಬತ್ತರ ದಶಕದ ಮೊದಲಿಗೆ ಸೋವಿಯತ್ ಒಕ್ಕೂಟ ಒಡೆದುಹೋಯಿತು. ಜಗತ್ತಿನಲ್ಲಿ ಯಾರು ಯಾರು ಅತ್ತರೋ ಗೊತ್ತಿಲ್ಲ. ಬೈಲಹೊಂಗಲದಲ್ಲಿ ಚಿಗವ್ವ ಅತ್ತಳು. ಅವತ್ತು ರೊಟ್ಟಿ ಬಡಿಯಲಿಲ್ಲ, ತಲೆ ಬಾಚಲಿಲ್ಲ. ಒಲೆ ಹೊತ್ತದೇ ಇದ್ದುದನ್ನು ಕಂಡು ಎದುರುಮನೆಯ ಅಜ್ಜಿ ಗಾಬರಿಯಾಗಿ ಬಂದಳು.

"ಯಾರು ಹೋದ್ರವಾ?"

"ಒಂದು ದೇಶಾನ ಹೋತ್ರಿ ಅಜ್ಜಿ."

"ವಯಸ್ಸೆಷ್ಟಾಗಿತ್ತು?"

"ಎಪ್ಪತ್ತರ ಹತ್ರ."

"ಬಿಡು, ಉಂಡು ಉಟ್ಟು ಹೋದ ಜೀವ. ಅಳಬ್ಯಾಡ" ಎಂದು ಅಜ್ಜಿ ಬೆನ್ನು ಸವರಿ, ತನ್ನ ಮನೆಯಿಂದ ಅನ್ನ ಸಾರು ತಂದಿಟ್ಟಳು. ಅಜ್ಜಿಯ ಲೆಕ್ಕ ತಪ್ಪೆಂದು ಯಾರಾದರೂ ಹೇಳಲು ಬರುತ್ತದೆಯೇ?

ಇನ್ನು ಈ ಭಾಷೆಯ ಕತೆ ಮುಗಿಯಿತು ಎಂದು ನಾವೆಲ್ಲ ಅಂದುಕೊಂಡೆವು. ಆದರೆ ಎರಡು ಸಾವಿರದ ಇಸವಿ ದಾಟಿದ ಮೇಲೆ, ಧಾರವಾಡದ ಹಳೆಯ ಗೆಳತಿಯೊಬ್ಬಳು ಫೋನು ಮಾಡಿದಳು. ಕಲ್ಲಿದ್ದಲಿನ ಒಂದು ಕಂಪನಿಗೆ ವಿಜ್ಞಾನವೂ ರಷ್ಯನ್ನೂ ಎರಡೂ ಬಲ್ಲವರು ಬೇಕಾಗಿದ್ದರು. ರಷ್ಯದವರು ಬಹಳ ಹಿಂದೆಯೇ ಕಂಡುಕೊಂಡ ವಿದ್ಯೆಯೊಂದನ್ನು ಈಗ ದೇಶದೇಶಗಳು ತಮ್ಮ ನೆಲಕ್ಕೆ ತರಲು ಹೊರಟಿದ್ದವು. ಆ ವಿದ್ಯೆ ಇಷ್ಟೇ: ಅಗೆದು ತೆಗೆಯಲಾರದಷ್ಟು ಆಳದಲ್ಲಿ ಕಲ್ಲಿದ್ದಲು ಇದ್ದರೆ ಅದನ್ನು ಅಲ್ಲೇ ಹೊತ್ತಿಸುವುದು. ಎರಡು ಬೋರು ಹೊಡೆದು ಒಂದರಿಂದ ಗಾಳಿ ಊದಿದರೆ, ಅರೆಬರೆ ಸುಟ್ಟ ಕಲ್ಲಿದ್ದಲು ಉರಿಯುವ ಅನಿಲವಾಗಿ ಇನ್ನೊಂದರಿಂದ ಮೇಲೆ ಬರುತ್ತದೆ. ಆ ಅನಿಲದಿಂದ ಕರೆಂಟು!

ಕಾಕಾ ಅವರಿಗೆ ಇದು ಕೊನೆಯವರೆಗೂ ಒಗ್ಗಲಿಲ್ಲ. "ಮ್ಯಾಲ ತಗಿಯಾಕ ಆಗದಿದ್ರ ಸುಮ್ಮ ಬಿಡಬೇಕಪಾ. ಸಿಗಲಿಲ್ಲ ಅಂತ ಅಲ್ಲೇ ಸುಡೂದು ಎಂಥಾ ಸಿಟ್ಟು?" ಎಂದರು. ಪಕ್ಕದ ಮನೆಯ ರೈತರದು ಬೇರೆಯೇ ಚಿಂತೆ. "ಟೀಚರ್, ಅದು ಬಂದ ಮ್ಯಾಲ ಮೋಟಾರಿಗೆ ಹಗಲಹೊತ್ತು ತ್ರೀಫೇಸ್ ಕೊಡತಾರೇನ್ರಿ?"

ಬಾಯಿಮಾತು ಸಾಲದೆಂದು ಚಿಗವ್ವ ಹಿತ್ತಲಲ್ಲಿ ಪ್ರಯೋಗಕ್ಕೆ ನಿಂತಳು. ಎಣ್ಣೆಯ ತಗಡಿನ ಡಬ್ಬಿಗೆ ಕೆಂಡ, ಇದ್ದಿಲು ತುಂಬಿ, ಎರಡು ಕೊಳವೆ ಸಿಕ್ಕಿಸಿ, ಮಣ್ಣಿನಲ್ಲಿ ಹೂತಳು. ಒಂದು ಕೊಳವೆಗೆ ಸೈಕಲ್ ಪಂಪು. ಪಂಪು ಹೊಡೆಯುವ ಹುದ್ದೆ ಕಾಕಾ ಅವರಿಗೆ. ಹೊಡೆದರು, ಬೆವತರು, ಬೈದರು. ಹೊಗೆ ಬಂತೇ ಹೊರತು ಮತ್ತೇನೂ ಬರಲಿಲ್ಲ. ಚಿಗವ್ವ ಕಡ್ಡಿ ಗೀರಿ ಇನ್ನೊಂದು ಕೊಳವೆಯ ಬಾಯಿಗೆ ಹಿಡಿದಳು. "ಏನೂ ಆಗೂದಿಲ್ಲ ಬಿಡು" ಎಂದು ಕಾಕಾ ಬಗ್ಗಿ ನೋಡುವುದಕ್ಕೂ, ನೀಲಿ ಜ್ವಾಲೆ ಭಗ್ಗೆಂದು ಏಳುವುದಕ್ಕೂ ಸರಿಹೋಯಿತು! ಜ್ವಾಲೆ ನಿಂತಾಗ ಮೀಸೆಯ ಎಡಭಾಗ ಇರಲಿಲ್ಲ. ಮರುದಿನ ಪೇಟೆಯಲ್ಲಿ ಎಲ್ಲರೂ ಮೀಸೆ ಏನಾಯಿತೆಂದು ಕೇಳುವವರೇ. ಕಾಕಾ ಗಂಭೀರವಾಗಿ, "ಇಂಟರ್‌ನ್ಯಾಶನಲ್ ಪ್ರಾಜೆಕ್ಟಿಗೆ ಹೋತು" ಎಂದರಂತೆ.

ಹೀಗೆ ಚಿಗವ್ವ ಶಾಲೆಗೆ ರಜೆ ಹಾಕಿ, ಬಸ್ಸು, ರೈಲು, ವಿಮಾನ ಹಿಡಿದು ಹೋದಳು. ಹೋದದ್ದು ಒಂದು ಕಾಲಕ್ಕೆ ಸೋವಿಯತ್ತಿಗೆ ಸೇರಿದ್ದ ದೇಶದ ಒಂದು ಹಳ್ಳಿಗೆ. ಊರಿನ ಹೆಸರನ್ನು ಎಷ್ಟೋ ಸಲ ಹೇಳಿದಳು, ನನ್ನ ನಾಲಿಗೆ ಹೊರಳಲಿಲ್ಲ. ಎಂದೋ ನೆಲದಡಿ ಬೆಂಕಿ ಹಚ್ಚಿ ನೋಡಿ ಬಿಟ್ಟಿದ್ದ ಜಾಗವದು. ಅದನ್ನು ನೋಡಲು ಆಸ್ಟ್ರೇಲಿಯಾದವರು, ಚೀನಾದವರು, ದಕ್ಷಿಣ ಆಫ್ರಿಕಾದವರು ಎಲ್ಲರೂ ಬಂದಿದ್ದರು. ಮೊದಲ ದಿನ ಊಟದ ಮೇಜಿನ ಮೇಲೆ ಬರೀ ಕುರಿ! ಚಿಗವ್ವ ತನ್ನ ಬುತ್ತಿ ಬಿಚ್ಚಿ, ಕಟಕ ರೊಟ್ಟಿಗೆ ಕೆಂಪು ಮೆಣಸಿನಕಾಯಿಯ ರಂಜಕ ಹಚ್ಚಿಕೊಂಡು ಕೂತಳು. ಪಕ್ಕದಲ್ಲಿದ್ದ ಆಸ್ಟ್ರೇಲಿಯಾದವನು ಅದನ್ನು ಹಣ್ಣಿನ ಜಾಮ್ ಎಂದುಕೊಂಡು ಬ್ರೆಡ್ಡಿಗೆ ದಪ್ಪಗೆ ಸವರಿದ. ಅವತ್ತು ನೆಲಕ್ಕಿಂತ ಮೊದಲು ಹೊತ್ತಿಕೊಂಡದ್ದು ಆಸ್ಟ್ರೇಲಿಯಾ!

ಮರುದಿನ ಎಲ್ಲರೂ ಆ ಹಳ್ಳಿಯ ಒಂದು ಮನೆಯಂಗಳಕ್ಕೆ ಹೋದರು. ಅಲ್ಲೊಬ್ಬಳು ಮುದುಕಿ, ತಲೆಗೆ ಹೂವಿನ ವಸ್ತ್ರ ಕಟ್ಟಿಕೊಂಡವಳು. ಬಾಯಾರಿದ್ದ ಚಿಗವ್ವ ಅಂಗಳದ ಬಾವಿಯಿಂದ ನೀರು ಸೇದಿ ಬೊಗಸೆಗೆ ಸುರಿದುಕೊಳ್ಳುತ್ತಿದ್ದಂತೆ, ಮುದುಕಿ ಓಡಿಬಂದು ಕೈ ತಡೆದಳು. ಅಷ್ಟರಲ್ಲಿ ಬಂದವರಲ್ಲಿ ಯಾರೋ, "ಈ ಬೆಂಕಿಯಿಂದ ಇವರಿಗೆ ಏನಾದರೂ ತೊಂದರೆಯಾಯಿತೇ, ಕೇಳಿ" ಎಂದರು. ಚಿಗವ್ವ ಕೇಳಿದಳು. ಮುದುಕಿ ತಡೆಯಿಲ್ಲದೆ ಹೇಳಿದಳು: ಕೆಳಗೆ ಬೆಂಕಿ ಹಚ್ಚಿದ ಮೇಲೆ ನೀರಿಗೆ ಡಾಂಬರಿನ ವಾಸನೆ ಬಂತು, ಕುಡಿದ ಆಡುಗಳು ಸತ್ತವು, ಈಗ ಕುಡಿಯುವ ನೀರನ್ನು ದೂರದಿಂದ ಹೊತ್ತು ತರುತ್ತೇವೆ.

ಚಿಗವ್ವನನ್ನು ಕರೆದೊಯ್ದಿದ್ದ ಕಂಪನಿಯ ಸಾಹೇಬರಿಗೆ ಮುದುಕಿಯ ಮುಖ ನೋಡಿಯೇ ಅರ್ಥವಾಗಿರಬೇಕು. ಚಿಗವ್ವನ ಕಿವಿಯ ಹತ್ತಿರ ಬಂದು, "ನೀರಿನ ಸುದ್ದಿ ಬೇಡ ಮೇಡಂ. ಏನೂ ತೊಂದರೆ ಇಲ್ಲವಂತೆ ಎಂದು ಮುಗಿಸಿ. ಮುಂದಿನ ತಿಂಗಳು ಇಲ್ಲಿಯ ತಜ್ಞರು ಆಸ್ಟ್ರೇಲಿಯಾಕ್ಕೆ ಹೋಗುತ್ತಾರೆ, ಅಲ್ಲಿಗೂ ನೀವೇ ಬರಬೇಕು" ಎಂದು ಪಿಸುಗುಟ್ಟಿದರು.

ಚಿಗವ್ವ ಮುಂದೆ ಬಂದು ನಿಂತಳು. ಹೈಸ್ಕೂಲಿನ ಕೊನೆಯ ಬೆಂಚಿಗೂ ಕೇಳುವ ದನಿಯಲ್ಲಿ, ಇಂಗ್ಲಿಷಿನಲ್ಲಿ, ಮುದುಕಿಯ ಮಾತನ್ನು ಒಂದಕ್ಷರ ಬಿಡದೆ ಹೇಳಿದಳು. ಡಾಂಬರಿನ ವಾಸನೆ ಹೇಳಿದಳು, ಆಡು ಹೇಳಿದಳು, ಹೊತ್ತು ತರುವ ನೀರು ಹೇಳಿದಳು. ಕೊನೆಗೆ, ಸಾಹೇಬರು ಪಿಸುಗುಟ್ಟಿದ್ದನ್ನೂ ಹೇಳಿದಳು!

"ಅದನ್ನ ಯಾಕ ಹೇಳಿದಿ?" ಎಂದು ನಾನು ಕೇಳಿದ್ದಕ್ಕೆ ಅವಳ ಉತ್ತರ ಸರಳ. "ಅನುವಾದಕ್ಕ ಕರದಿದ್ರು. ಕಿವಿಗೆ ಬಿದ್ದದ್ದೆಲ್ಲಾ ಅನುವಾದ ಮಾಡಿದೆ."

ಬಂದವರೆಲ್ಲ ಬಾವಿಯ ಸುತ್ತ ನೆರೆದರು. ಒಬ್ಬರಾದ ಮೇಲೊಬ್ಬರು ನೀರು ಮೂಸಿ ನೋಡಿದರು, ಸೀಸೆಗೆ ತುಂಬಿಕೊಂಡರು. ಸಾಹೇಬರು ಮಾತ್ರ ಹಿಂತಿರುಗುವ ವಿಮಾನದಲ್ಲಿ ಸೀಟು ಬದಲಿಸಿಕೊಂಡರು. ಆಸ್ಟ್ರೇಲಿಯಾ ಅಲ್ಲಿಗೇ ಮುಗಿಯಿತು.

ಊರಲ್ಲಿ ಸುದ್ದಿ ಹಬ್ಬಿತು. "ಒಂದು ಮಾತು ನುಂಗಿದ್ರ ಕಾಂಗರೂ ನೋಡಿ ಬರತಿದ್ಲು, ಹುಚ್ಚಿ" ಎಂದು ಪೇಟೆಯಲ್ಲಿ ಯಾರೋ ಅಂದರಂತೆ. ಕಾಕಾ ತಕ್ಕಡಿಯಿಂದ ತಲೆ ಎತ್ತದೆ, "ಆಸ್ಟ್ರೇಲಿಯಾದಾಗೂ ಬಾವಿ ಇರತಾವಪಾ. ಅಲ್ಲೂ ಇಕಿ ಹಿಂಗ ಮಾಡತಿದ್ಲು" ಎಂದರಂತೆ. ಹೊಗಳಿದರೋ ಬೈದರೋ, ಕೇಳಿದವರಿಗೂ ತಿಳಿಯಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಹೋದಾಗ ಚಿಗವ್ವ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತಿದ್ದಳು. ಒಳಗೆ ಕಾಕಾ ಚಹಾಕ್ಕೆ ಹೊತ್ತಿಸಿದ ಸ್ಟೋವ್ ಭರ್ರೆನ್ನುತ್ತಿತ್ತು. ನಾನೂ ಎದುರು ಕೂತು ಸುಲಿಯುತ್ತ, "ಕಂಪನಿ ಕೆಲಸ ಹೋತಂತ ಬ್ಯಾಸರ ಆಗೇತೇನು ಚಿಗವ್ವ?" ಎಂದೆ. ಏನಾದರೂ ಚೇಷ್ಟೆ ಮಾಡುತ್ತಾಳೆ ಅಂದುಕೊಂಡಿದ್ದೆ. ಮಾಡಲಿಲ್ಲ.

"ಕೆಲಸದ್ದಲ್ಲೋ ತಮ್ಮಾ. ಇಷ್ಟು ವರ್ಷ ಆ ಭಾಷಾದಾಗ ನಾನ ಮಾತಾಡಿ ನಾನ ಕೇಳಿದೆ. ಒಬ್ಬರೂ ತಿರುಗಿ ಮಾತಾಡಿದ್ದಿಲ್ಲ. ಆ ಮುದುಕಿ ಓಡಿ ಬಂದು ನನ್ನ ಕೈ ಹಿಡದು, 'ದೋಚ್ಕಾ, ಕುಡೀಬ್ಯಾಡ' ಅಂದ್ಲು. ದೋಚ್ಕಾ ಅಂದ್ರ ಮಗಳ ಅಂತ. ನಮ್ಮವ್ವ ಹೋದ ಮ್ಯಾಲ ನನ್ನ ಯಾರೂ ಹಂಗ ಕರದಿದ್ದಿಲ್ಲ. ಹಂಗ ಕರದಾಕಿ ಮಾತು ನಾ ಹೆಂಗ ನುಂಗಲಿ?"

ಅವಳ ಕೈಯಲ್ಲಿದ್ದ ಕಾಯಿ ಒಡೆಯದೆ ಹಾಗೇ ಉಳಿಯಿತು. ಒಳಗೆ ಸ್ಟೋವ್ ಆರಿತು. ಅದರ ಸದ್ದಿನಲ್ಲಿ ನಮ್ಮ ಮಾತು ಕಾಕಾ ಅವರಿಗೆ ಅರ್ಧಂಬರ್ಧ ಕೇಳಿಸಿರಬೇಕು. ಅರ್ಥ ಸಿಕ್ಕಿರಲಿಲ್ಲ, ಶಬ್ದವೊಂದು ಸಿಕ್ಕಿತ್ತು. ಪೇಟೆಯಲ್ಲಿ ಹರಾಜಿನ ಸವಾಲು ಕೂಗುವ ಅದೇ ದೊಡ್ಡ ಗಂಟಲಿನಲ್ಲಿ, ಆದರೆ ಸ್ವಲ್ಪ ನಾಚಿಕೊಂಡು, ಅಡುಗೆಮನೆಯಿಂದ ಕೂಗಿದರು:

"ದೋಚ್ಕಾ! ಚಾ ಆಗೇತಿ, ಬಾ."

ನನಗೆ ನಗು ತಡೆಯಲಾಗಲಿಲ್ಲ. ಹೆಂಡತಿಯನ್ನು ಏನೆಂದು ಕರೆಯುತ್ತಿದ್ದೀರಿ ಎಂದು ತಿಳಿಸಲು ಬಾಯಿ ತೆರೆದೆ. ಚಿಗವ್ವ ಶೇಂಗಾದ ಧೂಳು ಹತ್ತಿದ ಕೈಯಿಂದ ನನ್ನ ಬಾಯಿ ಮುಚ್ಚಿದಳು. ಅವಳ ಕಣ್ಣು ತುಂಬಿ ಬಂದಿತ್ತು.

"ಬಂದೆ" ಎಂದಳು.