ಅಳಿಯ ತುಂಬಿದ ಫಾರಮ್ಮು

ಬಾಳೆಗುಳಿ ಕ್ರಾಸಿನ ಅಂಗಡಿಯವನು ಮಾದೇವಿಯ ಒಣ ಸಿಗಡಿ ಚಟ್ನಿಪುಡಿಯನ್ನು ನಾಲಿಗೆಗೆ ಹಚ್ಚಿ ನೋಡಿ, ಕಣ್ಣು ಮುಚ್ಚಿ, "ಅಡ್ಡಿಲ್ಲ, ಬೆಸ್ಟ್ ಅದೆ. ಆದ್ರೆ ವ್ಯಾಪಾರದ ನೋಂದಣಿ ನಂಬರ್ ಇಲ್ದೆ ನಾ ಅಂಗ್ಡೀಲಿ ಇಡೂದಿಲ್ಲ" ಎಂದುಬಿಟ್ಟಿದ್ದ. ಬುಟ್ಟಿ ಹೊತ್ತು ಮನೆಮನೆ ತಿರುಗಿ ಮಂಡಿ ಸವೆಸಿಕೊಂಡಿದ್ದ ಮಾದೇವಿಗೆ ಈ ಅಂಗಡಿ ಕೈತಪ್ಪಿಹೋಗುವುದು ಬೇಡವಾಗಿತ್ತು. ಭಾವಿಕೇರಿಯಿಂದ ಕದ್ವಾಡದ ಮಗಳ ಮನೆಗೆ ಫೋನು ಹೋಯಿತು.

"ನಂಬರ್ ಆನ್‌ಲೈನಲ್ಲೇ ಆಗ್ತದಂತೆ ಪ್ರಗತಿ. ನಿನ್ನ ಗಂಡ ಕಂಪ್ಯೂಟರ್ ಕೆಲಸದವ ಅಲ್ವಾ? ಕರ್ಕೊಂಡು ಬಾ."

ಹೀಗೆ ಕಾರವಾರದ ಕಂಪ್ಯೂಟರ್ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ ರೂಪೇಶ ರಜೆ ಹಾಕಿ, ಲ್ಯಾಪ್‌ಟಾಪ್ ಹೆಗಲಿಗೇರಿಸಿ, ಹೆಂಡತಿಯ ಜೊತೆ ಅತ್ತೆ ಮನೆಗೆ ಬಂದ. ಜಗಲಿಯಲ್ಲಿ ಆಗಲೇ ಜನ ಸೇರಿದ್ದರು. ಪಕ್ಕದ ಮನೆಯ ಲತಾ ಮಗುವನ್ನು ಸೊಂಟಕ್ಕಿಟ್ಟುಕೊಂಡು ಬಂದಿದ್ದಳು. ಬಸ್ ಕಂಡಕ್ಟರಾಗಿ ನಿವೃತ್ತನಾದ ತಿಮ್ಮು ಮಾಮ ಕುರ್ಚಿಯನ್ನೇ ತಂದಿದ್ದ.

"ಆ ನೋಂದಣಿ ಕಚೇರಿ ಫಾರಮ್ಮು ಅಂದ್ರೆ ಶನಿ ಮಾರಾಯಾ. ನನ್ನ ಮಗಳ ಗಂಡ ಹಪ್ಪಳದ ವ್ಯಾಪಾರಕ್ಕೆ ಹೇಳಿ ತುಂಬೂಕೆ ಹೋಗಿ, ಕಡೆಗೆ ಹಪ್ಪಳವೇ ಬೇಡ ಅಂತ ಬಿಟ್ಟ" ಎಂದ ತಿಮ್ಮು.

"ನನ್ನ ಕೈಗೆ ಕೊಡಿ, ಚಾ ಕುಡಿಯೂದ್ರೊಳಗೆ ಮುಗಿಸ್ತೆ" ಎಂದು ರೂಪೇಶ ನಕ್ಕ.

ಪುಟ ತೆರೆಯಿತು. ಅಂಚಿನ ನೀಲಿ ಪಟ್ಟಿ ನೋಡಿದ್ದೇ ಅವನ ನಗು ಒಣಗಿಹೋಯಿತು. ಅದು ಅವನೇ ಮಾಡಿದ ಫಾರಮ್ಮು! ಮಳೆಗಾಲದಲ್ಲಿ ಆ ಕಚೇರಿಯ ಕೆಲಸವನ್ನು ಅಂಗಡಿಯ ಧಣಿ ವಹಿಸಿಕೊಂಡಾಗ, ಎಲ್ಲಿಯದೋ ಹಳೆ ಫಾರಮ್ಮನ್ನು ನಕಲು ಹೊಡೆದು, ಕೊನೆಯ ಬಸ್ಸು ಹಿಡಿಯುವ ಗಡಿಬಿಡಿಯಲ್ಲಿ ಒಪ್ಪಿಸಿ ಬಂದಿದ್ದ. ಆಮೇಲೆ ಅದರ ಮುಖ ನೋಡಿರಲಿಲ್ಲ.

ಹೆಸರಿನ ಸಾಲಿನಲ್ಲಿ 'ಮಾದೇವಿ' ಎಂದು ಬರೆದ. ಅಡ್ಡಹೆಸರು ಬೇಕೆಂದಿತು. ಗಂಡನ ಇನಿಷಿಯಲ್ 'ಬಿ' ಹಾಕಿದ. "ಅಡ್ಡಹೆಸರು ಅಪೂರ್ಣ" ಎಂದು ಕೆಂಪಕ್ಷರ ಕುಣಿಯಿತು.

"ನನ್ನ ಹೆಸರು ನಂಗೆ ಪೂರ್ತಿ ಗೊತ್ತಿಲ್ವಾ?" ಎಂದಳು ಮಾದೇವಿ. "ಯಾವ ಪುಣ್ಯಾತ್ಮ ಮಾಡಿದ್ದು ಇದ್ನ?"

"ಪುಣ್ಯಾತ್ಮ ಅಲ್ಲ, ತಲೆಯಲ್ಲಿ ಸಮುದ್ರದಂಡೆ ಹೊಯಿಗೆ ತುಂಬ್ಕೊಂಡವ" ಎಂದ ತಿಮ್ಮು.

ರೂಪೇಶನ ಕಿವಿ ಬೆಂಕಿಯಾಯಿತು. 'ನಾನೇ ಮಾಡಿದ್ದು' ಎನ್ನುವ ಧೈರ್ಯ ಬಾರದೆ, ಹೊಟ್ಟೆ ಹಿಡಿದುಕೊಂಡು, "ಒಂಚೂರು ಹಿತ್ತಲಿಗೆ ಹೋಗಿ ಬರ್ತೆ" ಎಂದು ಎದ್ದ. ಬಚ್ಚಲಿನ ಮರೆಯಲ್ಲಿ ನಿಂತು, ತನ್ನ ಬಳಿಯೇ ಉಳಿದಿದ್ದ ಪಾಸ್‌ವರ್ಡ್ ಹಾಕಿ ಮೊಬೈಲಿನಿಂದಲೇ ಫಾರಮ್ಮಿನ ಒಳಗೆ ನುಗ್ಗಿ ಆ ನಿಯಮವನ್ನು ಅಳಿಸಿದ. ಬಂದು ಒತ್ತಿದರೆ ಹಸಿರು ಗುರುತು!

ಮುಂದೆ ವ್ಯಾಪಾರದ ಬಗೆ ಆರಿಸಬೇಕಿತ್ತು. ಪಟ್ಟಿಯನ್ನು ಲತಾ ಗಟ್ಟಿಯಾಗಿ ಓದತೊಡಗಿದಳು. "ಉಣ್ಣೆ ಕಂಬಳಿ... ಒಂಟೆ ಹಾಲು... ಒಂಟೆ ಚರ್ಮ..." ಮೀನು ಎಂಬ ಶಬ್ದವೇ ಇರಲಿಲ್ಲ.

"ಸಮುದ್ರದ ದಂಡೆ ಮೇಲೆ ಕೂತವ್ರಿಗೆ ಒಂಟೆಯಾ?" ತಿಮ್ಮು ಕುರ್ಚಿಯಿಂದ ಎದ್ದೇ ನಿಂತ. "ಇದ್ನ ಮಾಡ್ದವ್ನ ಆ ಒಂಟೆ ಬಾಲಕ್ಕೆ ಕಟ್ಟಿ ಹೊಡೀಬೇಕು!"

ರೂಪೇಶ ಮತ್ತೆ ಹಿತ್ತಲಿಗೆ ಓಡಿದ.

"ಪಾಪ, ಹೊಟ್ಟೆ ಪೂರಾ ಕೆಟ್ಟಿರ್ಬೇಕು" ಎಂದ ಮಾದೇವಿ ಒಲೆಯ ಮೇಲೆ ಶುಂಠಿ ಕಷಾಯ ಇಟ್ಟಳು. ಅವನು ಬರುವಷ್ಟರಲ್ಲಿ ಪಟ್ಟಿಯ ಮೊದಲಲ್ಲೇ 'ಒಣಮೀನು, ಸಿಗಡಿ' ಬಂದು ಕೂತಿತ್ತು. ಲತಾ ಕಣ್ಣುಜ್ಜಿಕೊಂಡಳು. "ಆಗ ಇರ್ಲೇ ಇಲ್ಲ! ಇವ್ರು ಹಿತ್ತಲಿಗೆ ಹೋದ್ರೆ ಫಾರಮ್ಮು ಸುಧಾರಿಸ್ತದೆ ಕಾಣ್ತದೆ!"

ಎಲ್ಲರೂ ನಕ್ಕರು. ರೂಪೇಶನೂ ನಕ್ಕ, ಅಳುವವನ ಹಾಗೆ.

ಕೊನೆಗೆ ಉಳಿದದ್ದು ಫೋಟೋ. ಮಾದೇವಿ ಹೊಸ ಸೀರೆ ಉಟ್ಟು, ಅಬ್ಬಲಿಗೆ ಮುಡಿದು ಬಂದಳು. ಫೋಟೋ ಏರಿಸಿದರೆ, ಐವತ್ತು ಕೆಬಿಗಿಂತ ಚಿಕ್ಕದಿರಲಿ ಎಂದಿತು. ಚಿಕ್ಕದು ಮಾಡಿದರೆ, ಅರವತ್ತಕ್ಕಿಂತ ದೊಡ್ಡದಿರಲಿ ಎಂದಿತು. ತಿಮ್ಮು ಮಾದೇವಿಯನ್ನು ಹಿಂದೆ ಸರಿಸಿದ, ಮುಂದೆ ಎಳೆದ, ಬಿಸಿಲಿಗೆ ನಿಲ್ಲಿಸಿದ. ಅಬ್ಬಲಿಗೆ ಬಾಡಿತು, ಮಾದೇವಿಯ ಸಹನೆಯೂ ಬಾಡಿತು.

"ಅಂವ ಯಾರೇ ಆಗ್ಲಿ, ಅವನ ಅವ್ವ ಅವನಿಗೆ ಎಣಿಕೆನೂ ಕಲಿಸ್ಲಿಲ್ಲ. ಅಂವಗೆ ಹೆಣ್ಣು ಕೊಟ್ಟವರಾದ್ರೂ ಯಾರೋ!" ಎಂದು ನಿಟ್ಟುಸಿರಿಟ್ಟಳು. ಪಕ್ಕದಲ್ಲಿ ನಿಂತಿದ್ದ ಪ್ರಗತಿ, "ಹೌದವ್ವಾ, ಪಾಪ ಅವಳ ಗತಿ" ಎಂದು ದನಿಗೂಡಿಸಿದಳು.

ರೂಪೇಶ ತಾನಾಗಿಯೇ ಎದ್ದ. "ಹೋಗ್ಬನ್ನಿ, ಹೋಗ್ಬನ್ನಿ, ಫೋಟೋದ್ದೂ ಆಗ್ಲಿ!" ಎಂದು ಲತಾ ಉತ್ಸಾಹದಿಂದ ಬೀಳ್ಕೊಟ್ಟಳು.

ಊಟಕ್ಕೆ ಇಸ್ವಾಣ ಮೀನಿನ ಹುರಿದ ತುಂಡು, ಸಿಗಡಿ ಸುಕ್ಕ ಎಲ್ಲ ಇತ್ತು. ಹೊಟ್ಟೆ ಕೆಟ್ಟ ಅಳಿಯನ ಮುಂದೆ ಮಾತ್ರ ಮಾದೇವಿ ಗಂಜಿ ಮತ್ತು ಉಪ್ಪು ಇಟ್ಟಳು. ತಿಮ್ಮು ಎದುರಿಗೇ ಮೀನಿನ ಮುಳ್ಳು ಚೀಪುತ್ತಿದ್ದ. ರೂಪೇಶ ತಲೆ ತಗ್ಗಿಸಿ ಗಂಜಿ ಕುಡಿದ. ಇದೇ ತನಗೆ ತಕ್ಕದ್ದು ಎಂದು ಅವನಿಗೂ ಅನಿಸಿತು.

ಊಟವಾದ ಮೇಲೆ ಒತ್ತಿದ ಕಡೆಯ ಗುಂಡಿಗೆ ಫಾರಮ್ಮು ಒಳಗೆ ಹೋಯಿತು. ಮಾದೇವಿಯ ಮೊಬೈಲು ಟಿಣ್ ಎಂದಿತು. ನಂಬರು ಬಂದಿತ್ತು! ಸಾಲುಸಾಲು ಸೊನ್ನೆ, ಕೊನೆಗೆ ಒಂದು.

"ಮೊದಲ ನಂಬರ್ ನಂದೇ ಅಂದ್ಹಾಗೆ ಆಯ್ತಲ್ವಾ?" ಎಂದು ಮಾದೇವಿ ಹಿಗ್ಗಿದಳು. "ಅಳಿಯಂದ್ರೇ, ನೀವು ಇಲ್ದಿದ್ರೆ ಇದು ಆಗ್ತೇ ಇರ್ಲಿಲ್ಲ. ನಿಮ್ಮಂಥವ್ರು ಆ ಕಚೇರಿಗೆ ಒಬ್ರು ಬೇಕಿತ್ತು."

ರೂಪೇಶನ ಎದೆ ಹಗುರಾಯಿತು. ಯಾರಿಗೂ ಗೊತ್ತಾಗಲಿಲ್ಲ, ಬದುಕಿದೆ ಎಂದುಕೊಂಡು ಲ್ಯಾಪ್‌ಟಾಪ್ ಮುಚ್ಚುವಾಗಲೇ ಮಾದೇವಿಯ ಫೋನು ಕೂಗಿತು. ಎಲ್ಲರಿಗೂ ಕೇಳಲೆಂದು ಪ್ರಗತಿ ಸ್ಪೀಕರ್ ಹಾಕಿದಳು.

"ಮಾದೇವಿ ಅಮ್ಮನವರಾ? ನಾನು ನೋಂದಣಿ ಕಚೇರಿಯ ಸಾಹೇಬ" ಎಂದಿತು ದನಿ. "ಅಭಿನಂದನೆ. ಇಷ್ಟು ತಿಂಗಳಿಂದ ಆ ಫಾರಮ್ ದಾಟಿ ಬಂದವರು ನೀವೊಬ್ಬರೇ! ನಾಳೆ ಕಾರವಾರಕ್ಕೆ ಬರ್ಬೇಕು. ನಿಮ್ಮನ್ನ ಸನ್ಮಾನ ಮಾಡ್ತೇವೆ. ಹಾಗೇ ಆ ಫಾರಮ್ ಮಾಡಿದ ಹುಡುಗನನ್ನೂ ಕರೆಸ್ತೇನೆ, ಅದನ್ನ ಹೇಗೆ ತುಂಬಿದ್ರಿ ಅಂತ ಅವನಿಗೆ ನೀವೇ ಕಲಿಸ್ಬೇಕು. ರೂಪೇಶ ಅಂತ ಹೆಸರು, ಕದ್ವಾಡದವ. ಅಂದ್ಹಾಗೆ ಅವನ ಹೆಂಡತಿ ಮನೆ ನಿಮ್ಮ ಭಾವಿಕೇರಿನೇ ಅಂತೆ. ನಿಮಗೆ ಗುರುತುಂಟಾ?"

ತಿಮ್ಮುವಿನ ಕುರ್ಚಿ ಕಿರ್ ಎಂದಿತು. ಪ್ರಗತಿ ಗಂಡನ ಮುಖ ನೋಡಿ, ನಿಧಾನಕ್ಕೆ ಸೆರಗು ಬಾಯಿಗೆ ಒತ್ತಿಕೊಂಡಳು. ರೂಪೇಶ ಹಿತ್ತಲಿನ ಕಡೆ ನೋಡಿದ.

ಮಾದೇವಿ ಅಳಿಯನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದಳು. ಅವಳ ಮುಖ ಕುಂಕುಮದಂತೆ ಕೆಂಪಾಗಿತ್ತು. ಗಂಟಲು ಸರಿಮಾಡಿಕೊಂಡು ಫೋನಿಗೆ ಹೇಳಿದಳು:

"ಇಲ್ಲ ಸಾಹೇಬ್ರೆ. ನಮ್ಮಲ್ಲಿ ಅಂಥವ್ರು ಯಾರೂ ಇಲ್ಲ. ಬರ್ತೆ ನಾಳೆ, ಅವನ ಮುಖ ಒಮ್ಮೆ ನೋಡೂಕಾದ್ರೂ ಬರ್ತೆ."