ಅಕ್ಕಿ ಗಿರಣಿಗೊಂದು ಜಾವಾಸ್ಕ್ರಿಪ್ಟ್ ಪುಸ್ತಕ

ಬೇರೆಯವರು ಅಂಗಡಿಗೆ ಹೋದರೆ ಪುಸ್ತಕ ಕೊಂಡು ಬರುತ್ತಾರೆ. ನಾನು ಪ್ರತಿ ಸಲ ಜೊತೆಗೊಂದು ಫಜೀತಿ ಕೊಂಡು ಬರುತ್ತೇನೆ.

ಏಳನೇ ಕ್ಲಾಸಿಗೆ ಸಾಲಿ ಬಿಟ್ಟವನು ನಾನು. ಒಂದೂರಲ್ಲಿ ಕೂತು ಗೊತ್ತಿಲ್ಲ. ಅಂಗಡಿ, ಗಿರಣಿಗಳಿಗೆ ಕ್ಯಾಮೆರಾ ಕೂರಿಸುತ್ತ ರಾಯಚೂರು, ದೇವದುರ್ಗ, ಮಾನ್ವಿ ಸುತ್ತುತ್ತೇನೆ. ಮಾನ್ವಿಯ ಅಕ್ಕಿ ಗಿರಣಿ ಸಾಹುಕಾರರು ಒಂದು ದಿನ, "ಗಿರಾಕಿ ಫೋನಿನಾಗ ಅಕ್ಕಿ ಆರಿಸಿ ಒತ್ತಿದ್ರ ಒಟ್ಟು ಎಷ್ಟಂತ ಅಲ್ಲೇ ತೋರಿಸ್ಬೇಕು. ಅಂಥಾ ವೆಬ್‌ಸೈಟ್ ಮಾಡವ್ರು ಯಾರರ ಅದಾರೇನು?" ಎಂದರು.

"ನಾನೇ ಮಾಡ್ತೀನ್ರಿ," ಎಂದುಬಿಟ್ಟೆ.

"ದೀಪಾವಳಿ ತನಕ ನೋಡ್ತೀನಿ. ಆಗ್ಲಿಲ್ಲಂದ್ರ ಹೈದರಾಬಾದಿನವ್ರಿಗೆ ಕೊಡ್ತೀನಿ."

ಒತ್ತಿದ ಕೂಡಲೇ ಪರದೆ ಅದ್ಹೆಂಗೆ ಲೆಕ್ಕ ಹಾಕುತ್ತದೆ ಎಂಬ ಕುತೂಹಲ ನನಗೆ ಮೊದಲಿಂದಲೂ ಇತ್ತು. ಅದಕ್ಕೆ ಜಾವಾಸ್ಕ್ರಿಪ್ಟ್ ಎಂಬ ಕಂಪ್ಯೂಟರ್ ಭಾಷೆ ಕಲಿಯಬೇಕಂತೆ. ಸರಿ, ಪುಸ್ತಕ ಹುಡುಕಿ ಹೊರಟೆ.

ಯಾವ ಸೆಮಿಸ್ಟರ್?

ರಾಯಚೂರಿನ ಹಳೇ ಪುಸ್ತಕದಂಗಡಿಯಲ್ಲಿ ಕೇಳಿದೆ.

"ಯಾವ ಸೆಮಿಸ್ಟರ್?" ಅಂದರು ಅಂಗಡಿಯವರು.

"ಯಾವ್ದೂ ಅಲ್ರಿ."

"ಮಗಂದು ಯಾವ ಕಾಲೇಜು?"

"ಮಗ ಇಲ್ರಿ. ನನಗೇ ಬೇಕು."

"ಪರೀಕ್ಷಿ ಯಾವಾಗ ಅದ?"

"ಪರೀಕ್ಷಿ ಇಲ್ರಿ."

ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಪರೀಕ್ಷಿ ಇಲ್ದ ಯಾಕ ಓದ್ತೀಯಪಾ? ಮನ್ಯಾಗ ಏನರ ತ್ರಾಸ ಅದೇನು?"

ಮಾಸಿದ ಅಂಚು

ಪುಸ್ತಕದ ಒಳಗಿನದು ತಿಳಿಯುತ್ತಿರಲಿಲ್ಲ, ಹಾಗಾಗಿ ಹೊರಗಿನಿಂದ ಅಳೆದೆ. ಓದಿದಷ್ಟೂ ಹಾಳೆಯ ಅಂಚು ಬೆರಳಿನ ಕೊಳೆಗೆ ಕಪ್ಪಾಗಿರುತ್ತದಲ್ಲ? ಅಲ್ಲಿದ್ದವೆಲ್ಲ ಮೊದಲ ಪಾಠದ ತನಕ ಕಪ್ಪು, ಮುಂದೆ ಹೊಸ ಧೋತರದ ಹಾಗೆ ಬಿಳಿ. ಒಂದು ಮಾತ್ರ ಕೊನೆಯ ಹಾಳೆವರೆಗೂ ಕಪ್ಪಾಗಿತ್ತು. ಒಬ್ಬನಾದರೂ ಪೂರ್ತಿ ಓದಿದ್ದಾನೆ, ಅಂದಮೇಲೆ ಇದೇ ಒಳ್ಳೆಯದು ಎಂದು ಅದನ್ನೇ ಕೊಂಡೆ.

ದೇವದುರ್ಗದ ಬಸ್ಸಿನಲ್ಲಿ ಬಿಡಿಸಿದೆ. ಪ್ರತಿ ಪುಟದ ಬದಿಗೂ ಪೆನ್ಸಿಲ್ಲಿನ ಪ್ರಶ್ನೆ ಚಿಹ್ನೆ. ಕೊನೆಯ ಪುಟದಲ್ಲಿ ಪುಣ್ಯಾತ್ಮ ಬರೆದಿದ್ದ: "ಮುಗೀತು. ಏನೂ ತಿಳೀಲಿಲ್ಲ."

ಹೊಸದು

ದೇವದುರ್ಗದ ಕಂಪ್ಯೂಟರ್ ಸೆಂಟರಿನ ಸರ್ ಅದನ್ನು ನೋಡಿ, "ಹಳೇದಾತಿದು. ಹೊಸಾದು ತರಸ್ಕೊ," ಎಂದರು. ತರಿಸಿ ತೋರಿಸಿದೆ.

"ಇದ್ರಾಗಿಂದೂ ಬದಲಾಗ್ಯಾದ."

"ಹಂಗಾರ ನೀವು ಯಾವ ಪುಸ್ತಕ ಓದ್ತೀರಿ ಸರ್?"

"ನಾ ಎಲ್ಲಿ ಓದ್ಲಿ ಮಾರಾಯ? ಕಲ್ಸೂದ್ರಾಗ ಪುರಸೊತ್ತಿಲ್ಲ!"

ಉದಾಹರಣೆ

ಆದರೂ ಆ ಸರ್ ಒಂದು ದಾರಿ ಹೇಳಿದರು: ನಿನ್ನ ಕೆಲಸಕ್ಕೆ ಹತ್ತಿರದ ಉದಾಹರಣೆ ಇರುವ ಪುಸ್ತಕ ಆರಿಸು. ಹುಡುಕಿದೆ. ಒಂದರಲ್ಲಿ ಗಡಿಯಾರ, ಒಂದರಲ್ಲಿ ಆಟ, ಒಂದರಲ್ಲಿ ಕೇಕಿನ ಅಂಗಡಿ. ಅಕ್ಕಿಗೆ ಹತ್ತಿರದ್ದು ಕೇಕೇ: ಬಗೆ ಆರಿಸು, ತೂಕ ಆರಿಸು, ಒಟ್ಟು ಬರುತ್ತದೆ. ಇಂಗ್ಲಿಷ್ ತಿಳಿಯದಲ್ಲಿ ಫೋನು ಹಿಡಿದು ಕನ್ನಡ ಮಾಡಿಕೊಂಡು, ಕೇಕು ಇದ್ದಲ್ಲೆಲ್ಲ ಅಕ್ಕಿ ಹಾಕಿದೆ. ಒಟ್ಟು ಬಂತು! ಕುಣಿದುಬಿಟ್ಟೆ.

ಕೇಕಿಗೆ ತತ್ತಿ, ಅಂದರೆ ಮೊಟ್ಟೆ, ಹಾಕಬೇಕೋ ಬೇಡವೋ ಎಂದು ಕೇಳುವ ಜಾಗವೊಂದು ಉಳಿಯಿತು. ಅದನ್ನು ತೆಗೆದರೆ ಒಟ್ಟು ಬರುವುದೇ ನಿಲ್ಲುತ್ತಿತ್ತು. ಯಾಕೆಂದು ತಿಳಿಯಲಿಲ್ಲ. ದೀಪಾವಳಿ ಬಂದೇಬಿಟ್ಟಿತು. "ತತ್ತಿ ಇಲ್ಲದ್ದು" ಎಂಬ ಆಯ್ಕೆಯೊಂದನ್ನೇ ಉಳಿಸಿ ಸಾಹುಕಾರರಿಗೆ ಕಳಿಸಿದೆ. ಅವರು ನೋಡದೆಯೇ ಗಿರಾಕಿಗಳಿಗೆಲ್ಲ ಕಳಿಸಿ, ಆಮೇಲೆ ಓದಿದರು.

ಗಿರಣಿಗೆ ಹೋಗಿ ನೋಡಿದರೆ ಅವರ ಹಣೆಯ ವಿಭೂತಿ ಬೆವರಿಗೆ ಇಳಿಯುತ್ತಿತ್ತು. "ಸೋನಾ ಮಸೂರಿ, ತತ್ತಿ ಇಲ್ಲದ್ದು! ಲೇ, ನನ್ನ ಗಿರಣ್ಯಾಗ ತತ್ತಿ ಯಾವಾಗ ಇತ್ತಲೇ?"

"ಇಲ್ರಿ ಸಾಹುಕಾರ್ರ, ಅದಕ್ಕೇ ಇಲ್ಲಂತ ಬರ್ದೀನಿ."

"ನಾಳಿಗೆ ತಗಿ. ಇಲ್ಲಾಂದ್ರ ಹೈದರಾಬಾದಿಗೆ ಫೋನ್ ಹಚ್ತೀನಿ."

ಅವತ್ತೆಲ್ಲ ಪುಸ್ತಕ ಹಿಡಿದು ಕೂತರೂ ಆಗಲಿಲ್ಲ. ಮರುದಿನ, ಕೆಲಸ ಹೋಯಿತು ಎಂದುಕೊಂಡೇ ಗಿರಣಿಗೆ ಹೋದೆ. ಸಾಹುಕಾರರು ಬಾಗಿಲಲ್ಲೇ ಕೈ ಹಿಡಿದರು. "ಅದಕ್ಕ ಕೈ ಹಚ್ಚಬ್ಯಾಡ!"

"ಯಾಕ್ರಿ?"

"ಮುಂಜಾನಿಂದ ಮಂದಿ ಬಾಜೂ ಗಿರಣಿಯವಗ ಫೋನ್ ಹಚ್ಚಿ, ನಿಮ್ಮ ಅಕ್ಕ್ಯಾಗ ತತ್ತಿ ಇರ್ತದೇನ್ರಿ ಅಂತ ಕೇಳಾಕತ್ತಾರ!"

ಅಷ್ಟರಲ್ಲಿ ನನ್ನ ಫೋನು ರಿಂಗಾಯಿತು. ಅದೇ ಬಾಜೂ ಗಿರಣಿಯವರು.

"ಯಪ್ಪಾ, ನಮಗೂ ಒಂದು ಮಾಡಿಕೊಡು. ಅವ್ರ ಅಕ್ಕ್ಯಾಗ ಬರೇ ತತ್ತಿ ಇಲ್ಲ. ನಮ್ಮದ್ರಾಗ ಮೀನೂ ಇಲ್ಲಂತ ಬರಿ!"