ಒಂದೇ ಜೀನನ್ನು ನಂಬಿದ ಕಾಯಿಲೆ

ಕ್ಯಾನ್ಸರ್ ವಿಭಾಗದ ನರ್ಸು ಅಂದ ಕೂಡಲೇ ಜನ "ಅಯ್ಯೋ ಪಾಪ" ಅನ್ನೋ ಮುಖ ಮಾಡ್ತಾರೆ. ನಮ್ಮಲ್ಲೂ ದಿನಾ ಒಂದಲ್ಲ ಒಂದು ನಗು ಹುಟ್ಟುತ್ತೆ ಅಂದ್ರೆ ಯಾರೂ ನಂಬಲ್ಲ. ಹೆಬ್ಬಗೋಡಿಯ ಬಾಡಿಗೆ ಕೋಣೆಯಿಂದ ಬರುತ್ತಿದ್ದ ರಾಯಚೂರು ಕಡೆಯ ಗಂಡ ಹೆಂಡತಿಯನ್ನೇ ತಗೊಳ್ಳಿ. ಆತ ಗಾರೆ ಕೆಲಸದವನು. ರಕ್ತದ ಕ್ಯಾನ್ಸರ್ ಆಗಿತ್ತು.

ಜೀನು

ಮೊದಲ ದಿನ ಡಾಕ್ಟರು ನಿಧಾನವಾಗಿ ಹೇಳಿದರು: "ನೋಡಮ್ಮಾ, ಇದಕ್ಕೆಲ್ಲ ಕಾರಣ ಒಂದು ಜೀನು."

ಆಕೆ ಗಂಡನ ಕಡೆ ತಿರುಗಿದಳು. "ಇಂವ ಜೀನ ಅಂತ ಮದುವ್ಯಾಗನ ಗೊತ್ತಾಗಿತ್ರೀ. ಜೀನ ಇದ್ರ ಕ್ಯಾನ್ಸರೂ ಬರ್ತೈತಿ ಅಂತ ಇವತ್ತ ತಿಳೀತು."

ರೊಟ್ಟಿ

ಡಾಕ್ಟರು ನಗು ತಡೆದುಕೊಂಡು ಬಿಡಿಸಿ ಹೇಳಿದರು. ಜಿಪುಣತನ ಅಲ್ಲ, ಜೀವಕೋಶದೊಳಗೆ ಇರೋ ಜೀನು. ಅದು ಕೆಟ್ಟು 'ಬೆಳಿ, ಬೆಳಿ' ಅಂತ ಒಂದೇ ಸಮನೆ ಕೂಗ್ತಿದೆ. ಕ್ಯಾನ್ಸರ್ ಕೋಶಗಳು ಅದೊಂದನ್ನೇ ನಂಬಿ ಬದುಕಿವೆ. ಮಾತ್ರೆ ಅದರ ಬಾಯಿ ಮುಚ್ಚಿಸಿದ್ರೆ ಅವು ತಾವಾಗೇ ಸಾಯ್ತವೆ.

"ತಿಳೀತ್ರೀ," ಅಂದ ಆತ. "ನಮ್ಮ ಮನ್ಯಾಗ ಇಕಿ ತಮ್ಮ ಹಂಗ ಅದಾನ. ಇಕಿ ರೊಟ್ಟಿ ಬಡಿಯೂದು ನಿಲ್ಲಿಸಿದ್ರ ಊರಿಗೆ ಹೋಗ್ತಾನ."

"ನಿಲ್ಲಿಸಿ ನೋಡೀನ್ರೀ," ಅಂದಳು ಆಕೆ. "ಎದುರು ಮನಿ ಚಪಾತಿಗೆ ಗಂಟು ಬಿದ್ದ."

"ಕ್ಯಾನ್ಸರೂ ಕೆಲವು ಸಲ ಹಂಗೇ ಬೇರೆ ದಾರಿ ಹುಡುಕುತ್ತೆ," ಅಂದರು ಡಾಕ್ಟರು. "ಅದಕ್ಕೇ ಮಾತ್ರೆ ತಪ್ಪಿಸಬಾರದು, ಆಗಾಗ ರಕ್ತ ಪರೀಕ್ಷೆ ಮಾಡಿಸ್ತಾ ಇರಬೇಕು."

"ಹಂಗಾರ ಇಕಿ ತಮ್ಮನನ್ನೂ ಒಮ್ಮೆ ಪರೀಕ್ಷಾ ಮಾಡ್ರೀ," ಅಂದ ಆತ.

ಬೈಗುಳ

ಕೆಲವು ತಿಂಗಳಾದವು. ರಕ್ತ ಸುಧಾರಿಸ್ತಾ ಇದೆ ಅಂದರು ಡಾಕ್ಟರು. ಆದರೂ ಆತನ ಮುಖ ಬಾಡಿತ್ತು. ಹೆಂಡತಿ ನೀರು ತರಲು ಹೋದಾಗ ನನ್ನ ಹತ್ತಿರ ಬಂದ.

"ಸಿಸ್ಟರ್, ಖರೇ ಹೇಳ್ರೀ. ನಾ ಉಳಿಯಂಗಿಲ್ಲ ಹೌದಲ್ರೀ?"

"ಯಾರು ಹಂಗಂದಿದ್ದು?"

"ಯಾರೂ ಅಂದಿಲ್ರೀ. ಇಕಿ ನನಗ ಬೈಯೂದ ಬಿಟ್ಟಾಳ. ಸಿಮೆಂಟ್ ಮೆತ್ತಿದ ಕಾಲಿಟ್ಟು ಹಾಸಿಗಿ ಮ್ಯಾಲ ಕುಂತ್ರೂ ಸುಮ್ಮನ ನೋಡ್ತಾಳ. ಡಾಕ್ಟರ್ ಗುಟ್ಟಾಗಿ ಏನೋ ಹೇಳ್ಯಾರ ಆಕೀಗೆ. ಸಾಯಾಂವಗ ಮಾತ್ರಿ ಯಾಕಂತ ಮೊನ್ನಿಯಿಂದ ನುಂಗಿಲ್ರೀ."

ಆಕೆ ಬಂದ ಕೂಡಲೇ ಎಲ್ಲ ಹೇಳಿದೆ. ಮೊದಲು ಆಕೆ ಬಿಕ್ಕಿಬಿಕ್ಕಿ ಅತ್ತಳು. "ಬ್ಯಾನಿ ಇದ್ದಾಂವಗ ಬೈಬಾರದು ಅಂತ ನಾಲಿಗಿ ಕಚ್ಕೊಂಡು ಕುಂತಿದ್ನಲ್ರೀ!"

ಆಮೇಲೆ ಶುರು ಹಚ್ಚಿಕೊಂಡಳು ನೋಡಿ! ತಿಂಗಳುಗಟ್ಟಲೆ ಒಳಗೇ ಇಟ್ಟುಕೊಂಡಿದ್ದೆಲ್ಲ ಹೊರಗೆ ಬಂತು. ಹಾಸಿಗೆ, ನುಂಗದ ಮಾತ್ರೆ, ಆತನ ಅಮ್ಮ, ಯಾರನ್ನೂ ಬಿಡಲಿಲ್ಲ. ಸಾಲಿನಲ್ಲಿ ಕೂತಿದ್ದವರೆಲ್ಲ ತಿರುಗಿ ನೋಡಿದರು. ಆತ ಅಲ್ಲೇ ಮಾತ್ರೆ ನುಂಗಿ, ಕಣ್ಣೊರೆಸಿಕೊಂಡು, ನನ್ನ ಕಡೆ ಕೈಮುಗಿದ:

"ಇನ್ನ ಸಾಕು ಅಂತ ಹೇಳ್ರೀ ಸಿಸ್ಟರ್. ನಾ ಉಳಿಯೂದು ಖಾತ್ರಿ ಆತು!"